ಮಡಚುವ ಸೈಕಲ್ಲಿನ ಕಿರಿಕಿರಿ ಸದ್ದು: ಹುಡುಕುವುದು ಹೇಗೆ, ನಿಲ್ಲಿಸುವುದು ಹೇಗೆ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ 20 ಇಂಚಿನ ಮಡಚುವ ಸೈಕಲ್ ‘ಕಿರ್ರ್‌… ಟಕ್’ ಎನ್ನಲು ಶುರುಮಾಡಿತು. ಬಲಗಾಲು ಕೆಳಗೆ ಬಂದಾಗಲೆಲ್ಲ ಒಂದು ಸಲ. ಸದ್ದು ಕಾಲಿನ ಹತ್ತಿರದಿಂದಲೇ ಬರುತ್ತಿದೆ ಎಂದು ನನಗೂ ಅನಿಸಿತ್ತು, ಅಂಗಡಿಯವರಿಗೂ ಅನಿಸಿತು. ಬಾಟಮ್ ಬ್ರಾಕೆಟ್ (ಎರಡು ಪೆಡಲುಗಳ ನಡುವೆ ಚೌಕಟ್ಟಿನೊಳಗಿರುವ ಅಚ್ಚು, ಬೇರಿಂಗ್) ಹೋಗಿದೆ ಎಂದು ಹೊಸದು ಹಾಕಿಕೊಟ್ಟರು. ಮನೆ ಮುಟ್ಟುವ ಮೊದಲೇ ಸದ್ದು ವಾಪಸ್ ಬಂತು. ಆಮೇಲೆ ಪೆಡಲ್ ಬದಲಾಯಿಸಿದೆ, ಚೈನಿಗೆ ಎಣ್ಣೆ ಬಿಟ್ಟೆ. ಏನೂ ಆಗಲಿಲ್ಲ. ಕೊನೆಗೆ ಒಂದು ಭಾನುವಾರ ಸೀಟ್ ಪೋಸ್ಟನ್ನು ಪೂರ್ತಿ ಹೊರಗೆಳೆದೆ. ಕೊಳವೆಯ ಸುತ್ತ ಬಳೆಯಂತೆ ಕೆಂಪು ಮಣ್ಣು ಕೂತಿತ್ತು. ಬೆರಳಿನಲ್ಲಿ ಉಜ್ಜಿದರೆ ಸಣ್ಣ ಮರಳು ಕೈಗೆ ಹತ್ತಿತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಮತ್ತೆ ಕೂರಿಸಿದೆ. ಸದ್ದು ಅಲ್ಲಿಗೆ ನಿಂತಿತು.

ಆವತ್ತಿನಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಕಿವಿಗೆ ಕೆಲಸ, ಆಮೇಲೆ ಬಟ್ಟೆಗೆ, ಸ್ಪ್ಯಾನರಿಗೆ ಕೊನೆಯಲ್ಲಿ. ಸೈಕಲ್ಲಿನ ಚೌಕಟ್ಟು ಟೊಳ್ಳು ಕೊಳವೆಗಳಿಂದ ಆದದ್ದು. ಒಂದು ಕಡೆ ಹುಟ್ಟಿದ ಸದ್ದು ಕೊಳವೆಯೊಳಗೆ ಓಡಿ ಇನ್ನೊಂದು ಕಡೆ ಕೇಳಿಸುತ್ತದೆ. ಮಡಚುವ ಸೈಕಲ್ಲಿನಲ್ಲಿ ಸೀಟ್ ಪೋಸ್ಟ್ ಅರ್ಧ ಮೀಟರಿಗಿಂತ ಉದ್ದ, ಹ್ಯಾಂಡಲ್ ಪೋಸ್ಟೂ ಉದ್ದ. ಹಾಗಾಗಿ ಇದರಲ್ಲಿ ಕಿವಿ ಮೋಸಹೋಗುವುದು ಇನ್ನೂ ಹೆಚ್ಚು.

ಇದರ ಜೊತೆಗೆ ಸಾಮಾನ್ಯ ಸೈಕಲ್ಲಿನಲ್ಲಿ ಇಲ್ಲದ ಕೀಲುಗಳು ಇದರಲ್ಲಿವೆ: ಚೌಕಟ್ಟಿನ ನಡುವೆ ಒಂದು, ಹ್ಯಾಂಡಲ್ ಪೋಸ್ಟಿನ ಬುಡದಲ್ಲಿ ಒಂದು, ಎಷ್ಟೋ ಸೈಕಲ್ಲುಗಳಲ್ಲಿ ಪೆಡಲಿಗೂ ಒಂದು. ಚಕ್ರ ಚಿಕ್ಕದಾದ್ದರಿಂದ ಸುತ್ತೂ ಹೆಚ್ಚು. 20 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು ಒಂದೂವರೆ ಮೀಟರ್ ಹೋಗುತ್ತದೆ, ದೊಡ್ಡ ರೋಡ್ ಸೈಕಲ್ಲಿನದು ಸುಮಾರು 2.1 ಮೀಟರ್. ಅಂದರೆ ಅಷ್ಟೇ ದಾರಿಗೆ ಇದರ ಬೇರಿಂಗ್ ಸುಮಾರು ಶೇ 40ರಷ್ಟು ಹೆಚ್ಚು ಸುತ್ತಬೇಕು. ರಸ್ತೆಯ ಗುಂಡಿಯ ಹೊಡೆತವೂ ಚಿಕ್ಕ ಚಕ್ರಕ್ಕೆ ಜೋರಾಗಿಯೇ ತಾಗುತ್ತದೆ. 2021ರಲ್ಲಿ ನಮ್ಮ ಮೆಟ್ರೋದಲ್ಲಿ ಮಡಚಿದ ಸೈಕಲ್ ಒಯ್ಯಲು ಅನುಮತಿ ಸಿಕ್ಕ ಮೇಲೆ ಬೆಂಗಳೂರಿನಲ್ಲಿ ನನ್ನಂತೆ ಮನೆಯಿಂದ ಸ್ಟೇಷನ್, ಸ್ಟೇಷನ್‌ನಿಂದ ಆಫೀಸು ಎಂದು ಓಡಾಡುವವರು ದಿನಕ್ಕೆ ನಾಲ್ಕು ಸಲ ಮಡಚಿ ಬಿಚ್ಚುತ್ತಾರೆ. ಪ್ರತಿ ಸಲವೂ ಕೀಲಿನ ಬಾಯಿ ತೆರೆಯುತ್ತದೆ, ಧೂಳು ಒಳಗೆ ಹೋಗುತ್ತದೆ.

ಮೊದಲು ಐದು ಪರೀಕ್ಷೆ

ವಾಹನ ಸಂಚಾರ ಇಲ್ಲದ ಬೀದಿ ಬೇಕು. ಬೆಳಗಿನ ಆರು ಗಂಟೆಯಾದರೆ ಒಳ್ಳೆಯದು. ಬ್ಯಾಗು, ಬೀಗ, ನೀರಿನ ಬಾಟಲಿ ಎಲ್ಲ ತೆಗೆದಿಡಿ. ಎಷ್ಟೋ ಸಲ ಸದ್ದು ಇಲ್ಲೇ ಮುಗಿದುಹೋಗುತ್ತದೆ, ಕ್ಯಾರಿಯರಿನಲ್ಲಿ ಸಿಕ್ಕಿಸಿದ ಬೀಗವೇ ಅಷ್ಟು ಹೊತ್ತು ಗಡಗಡ ಎನ್ನುತ್ತಿರುತ್ತದೆ.

ಒಂದು: ವೇಗ ಹಿಡಿದು ತುಳಿಯುವುದನ್ನು ನಿಲ್ಲಿಸಿ, ಸೈಕಲ್ ತಾನಾಗಿ ಉರುಳಲಿ. ಆಗಲೂ ಸದ್ದಿದ್ದರೆ ಅದು ಚಕ್ರ, ಬ್ರೇಕು ಅಥವಾ ಮಡ್‌ಗಾರ್ಡಿನದು. ನಿಂತರೆ ಪೆಡಲು, ಕ್ರ್ಯಾಂಕು (ಪೆಡಲನ್ನು ಹೊತ್ತ ತೋಳು), ಚೈನು ಅಥವಾ ತುಳಿತದ ಭಾರಕ್ಕೆ ಅಲುಗುವ ಕೀಲು ಮತ್ತು ಸೀಟ್ ಪೋಸ್ಟು. ಎಲ್ಲರೂ ಮರೆಯುವುದು ಕೊನೆಯ ಇವೆರಡನ್ನೇ.

ಎರಡು: ಸೀಟಿನಿಂದ ಎದ್ದು ನಿಂತು ತುಳಿಯಿರಿ. ಸದ್ದು ಹೋದರೆ ಸೀಟು ಅಥವಾ ಸೀಟ್ ಪೋಸ್ಟು. ಜೋರಾದರೆ ಹ್ಯಾಂಡಲ್ ಕಡೆಯ ಕೀಲು, ಇಲ್ಲವೇ ಪೆಡಲು, ಕ್ರ್ಯಾಂಕು. ನಿಂತು ತುಳಿಯುವಾಗ ಹ್ಯಾಂಡಲನ್ನು ಗೊತ್ತಿಲ್ಲದೆಯೇ ಎಳೆಯುತ್ತೇವೆ.

ಮೂರು: ಇಳಿದು, ಎರಡೂ ಬ್ರೇಕ್ ಹಿಡಿದು, ಪೆಡಲನ್ನು ಗಡಿಯಾರದ ಮೂರು ಗಂಟೆಯ ಮುಳ್ಳಿನಂತೆ ಮುಂದಕ್ಕಿಟ್ಟು ಕಾಲಿನಲ್ಲಿ ಒತ್ತಿ ಬಿಡಿ. ಬಲಕ್ಕೊಮ್ಮೆ, ಎಡಕ್ಕೊಮ್ಮೆ. ಮನೆಯವರು ಯಾರಾದರೂ ಒತ್ತುತ್ತಿದ್ದರೆ ನೀವು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದು ಜಾಗಕ್ಕೆ ತಾಗಿಸಿ, ಅದರ ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಒತ್ತಿಕೊಂಡು ಕೇಳಿ. ಡಾಕ್ಟರ ಸ್ಟೆತಸ್ಕೋಪಿನಂತೆಯೇ ಕೆಲಸ ಮಾಡುತ್ತದೆ. ಸದ್ದು ಹುಟ್ಟುವ ಜಾಗದಲ್ಲಿ ‘ಟಕ್’ ಎನ್ನುವುದು ತಟ್ಟಿದ ಹಾಗೆ ಸ್ಪಷ್ಟವಾಗಿ ಬರುತ್ತದೆ, ದೂರದಲ್ಲಿ ಮಂಕಾಗಿರುತ್ತದೆ.

ನಾಲ್ಕು: ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಜಗ್ಗಿ. ಇನ್ನೊಂದು ಕೈಯ ಬೆರಳು ಕೀಲಿನ ಎರಡು ಭಾಗ ಸೇರುವ ಗೆರೆಯ ಮೇಲಿರಲಿ. ಕಣ್ಣಿಗೆ ಕಾಣದಷ್ಟು ಅಲುಗಿದರೂ ಬೆರಳಿಗೆ ತಿಳಿಯುತ್ತದೆ. ನಡುವಿನ ಕೀಲು, ಹ್ಯಾಂಡಲ್ ಬುಡದ ಕೀಲು, ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಮೂರನ್ನೂ ಹೀಗೆ ಮುಟ್ಟಿ ನೋಡಿ.

ಐದು: ಲೆಕ್ಕ ಹಾಕಿ. ಪೆಡಲಿನ ಒಂದು ಸುತ್ತಿಗೆ ಒಂದು ಸದ್ದಾದರೆ ಪೆಡಲು, ಕ್ರ್ಯಾಂಕು, ಕೀಲು, ಸೀಟು. ಪೆಡಲಿನ ಒಂದು ಸುತ್ತಿಗೆ ಎರಡು ಮೂರು ಸಲ, ಗೇರ್ ಬದಲಿಸಿದರೆ ಲಯವೂ ಬದಲಾಗುತ್ತದೆ ಅಂದರೆ ಚಕ್ರದ್ದು. ಪೆಡಲಿನ ಸುಮಾರು ಎರಡು ಸುತ್ತಿಗೆ ಒಂದೇ ಸಲ ‘ಟಿಕ್’ ಎಂದರೆ ಚೈನಿನಲ್ಲಿ ಒಂದು ಕೊಂಡಿ ಬಿಗಿದುಕೊಂಡಿದೆ. ಪೆಡಲಿನ ಬಳಿಯ 52 ಹಲ್ಲಿನ ಹಲ್ಲುಚಕ್ರದ ಮೇಲೆ ನೂರಕ್ಕಿಂತ ಸ್ವಲ್ಪ ಹೆಚ್ಚು ಕೊಂಡಿಗಳ ಚೈನು ಒಂದು ಸುತ್ತು ಬರಲು ಪೆಡಲಿನ ಎರಡು ಸುತ್ತು ಬೇಕಲ್ಲ, ಅದೇ ಕಾರಣ.

ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಏನೇ ಮಾಡಿದರೂ ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಒಂದು ಸುತ್ತು ಓಡಿಸಿ ನೋಡುವುದು. ಮೂರು ಕಡೆ ಒಟ್ಟಿಗೆ ಕೈಹಾಕಿದರೆ ಸದ್ದು ನಿಂತರೂ ಯಾವುದರಿಂದ ನಿಂತಿತು ಗೊತ್ತಾಗುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿಂದ ಹುಡುಕಬೇಕು.

ಸೀಟ್ ಪೋಸ್ಟು

ನನ್ನ ಅನುಭವದಲ್ಲಿ ಮಡಚುವ ಸೈಕಲ್ಲಿನ ‘ಕಿರ್ರ್‌’ ಸದ್ದಿಗೆ ಮೊದಲು ನೋಡಬೇಕಾದ ಜಾಗ ಇದು. ದಿನವೂ ಮೇಲೆ ಕೆಳಗೆ ಜಾರಿಸುವ ಕೊಳವೆ, ಮಡಚಿದಾಗ ಅದರ ತುದಿ ನೆಲದ ಹತ್ತಿರ ಇರುತ್ತದೆ, ಹಿಂದಿನ ಚಕ್ರ ಎರಚಿದ ಕೆಸರೂ ಅದಕ್ಕೇ ಬೀಳುತ್ತದೆ.

ಮೊದಲು ನಿಮ್ಮ ಎತ್ತರಕ್ಕೆ ಸರಿಯಾದ ಜಾಗದಲ್ಲಿ ಪೋಸ್ಟಿನ ಮೇಲೆ ಟೇಪಿನಿಂದ ಗುರುತು ಮಾಡಿ. ಪೋಸ್ಟನ್ನು ಬಿಗಿಹಿಡಿದಿರುವ ಕ್ವಿಕ್ ರಿಲೀಸ್ ಲಿವರ್ ಬಿಚ್ಚಿ ಅದನ್ನು ಪೂರ್ತಿ ಹೊರತೆಗೆಯಿರಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಮತ್ತೆ ಒರೆಸಿ. ಆಮೇಲೆ ಒಂದು ಕೋಲಿಗೆ ಬಟ್ಟೆ ಸುತ್ತಿ ಚೌಕಟ್ಟಿನ ಕೊಳವೆಯ ಒಳಗನ್ನೂ ಒರೆಸಿ. ಮೊದಲ ಸಲ ಬಟ್ಟೆ ಕಪ್ಪಾಗಿ ಬರುತ್ತದೆ. ಬಿಳಿಯಾಗಿ ಬರುವವರೆಗೆ ಒರೆಸಬೇಕು.

ಇಲ್ಲಿ ಗ್ರೀಸ್ ಹಚ್ಚುವ ಮುನ್ನ ಕೊಳವೆಯೊಳಗೆ ಇಣುಕಿ. ಪ್ಲಾಸ್ಟಿಕ್ ಒಳಕವಚ ಇದ್ದರೆ (ಬ್ರಾಂಪ್ಟನ್ ಮತ್ತು ಡಹೋನ್ ಕಂಪನಿಗಳ ಮಾದರಿಯ ಅನೇಕ ಸೈಕಲ್ಲುಗಳಲ್ಲಿ ಇರುತ್ತದೆ) ಗ್ರೀಸ್ ಬೇಡವೇ ಬೇಡ. ಹಚ್ಚಿದರೆ ಕೂತ ಕೂಡಲೇ ಸೀಟು ಕೆಳಗೆ ಜಾರುತ್ತದೆ. ಲೋಹಕ್ಕೆ ಲೋಹ ತಾಗುವಂತಿದ್ದರೆ ಮಾತ್ರ ಬೆರಳ ತುದಿಯಷ್ಟು ಗ್ರೀಸ್ ತೆಳ್ಳಗೆ ಸವರಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಕ್ಲ್ಯಾಂಪಿನ ಒಳಮೈ, ಅದರ ಲಿವರ್ ತಿರುಗುವ ಜಾಗ ಇವನ್ನೂ ಒರೆಸಿ. ಲಿವರಿನ ಪಿನ್ನಿಗೆ ಒಂದು ಹನಿ ಎಣ್ಣೆ ಸಾಕು.

ಪೋಸ್ಟ್ ಚೊಕ್ಕವಾದ ಮೇಲೂ ಕೂತಾಗ ಮಾತ್ರ ಸದ್ದಿದ್ದರೆ ಸೀಟಿನ ಕೆಳಗೆ ಕೈಹಾಕಿ. ಎರಡು ಕಂಬಿಗಳನ್ನು ಹಿಡಿದಿರುವ ಕ್ಲ್ಯಾಂಪಿನ ಬೋಲ್ಟ್ ಸಡಿಲಾಗಿರಬಹುದು, ಇಲ್ಲವೇ ಕಂಬಿ ಮತ್ತು ಕ್ಲ್ಯಾಂಪಿನ ನಡುವೆ ಮಣ್ಣು ಕೂತಿರಬಹುದು. ಬಿಚ್ಚಿ, ಒರೆಸಿ, ಕಂಬಿ ಕೂರುವ ಗುಳಿಗೆ ತುಸು ಗ್ರೀಸ್ ಹಚ್ಚಿ ಬಿಗಿಸಿ.

ಕೀಲುಗಳು

ನಡುವಿನ ಕೀಲನ್ನು ತೆರೆದು ಎರಡು ಮುಖಗಳನ್ನೂ ಬೆಳಕಿಗೆ ಹಿಡಿದು ನೋಡಿ. ಬಣ್ಣ ಹೋಗಿ ಬೆಳ್ಳಗೆ ಹೊಳೆಯುವ ಜಾಗವೇ ಎರಡು ಭಾಗಗಳು ಒಂದಕ್ಕೊಂದು ಉಜ್ಜುವ ಜಾಗ. ಆ ಹೊಳಪು ಸುತ್ತಲೂ ಒಂದೇ ಸಮ ಇದ್ದರೆ ಕೀಲು ಸರಿಯಾಗಿ ಕೂರುತ್ತಿದೆ. ಒಂದು ಅಂಚಿನಲ್ಲಿ ಮಾತ್ರ ಇದ್ದರೆ ಲಾಕ್ ಸಡಿಲ, ಅಥವಾ ನಡುವೆ ಏನೋ ಸಿಕ್ಕಿಕೊಂಡಿದೆ. ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಮೂಲೆ ಮೂಲೆಯ ಧೂಳು ತೆಗೆಯಿರಿ. ಕೀಲಿನ ಪಿನ್ನಿಗೆ ಮೇಲಿನಿಂದ ಒಂದು ಹನಿ ಎಣ್ಣೆ ಬಿಟ್ಟು, ಹತ್ತು ಸಲ ತೆರೆದು ಮುಚ್ಚಿ, ಹೊರಬಂದದ್ದನ್ನು ಒರೆಸಿ. ಮುಖಗಳನ್ನು ಮೊದಲು ಒಣಗಿದ್ದ ಹಾಗೆಯೇ ಮುಚ್ಚಿ ಓಡಿಸಿ ನೋಡಿ. ಸದ್ದು ಇನ್ನೂ ಇದ್ದರಷ್ಟೇ, ತಲೆನೋವಿಗೆ ಹಣೆಗೆ ಮುಲಾಮು ಸವರಿದಷ್ಟು ತೆಳ್ಳಗೆ ಗ್ರೀಸ್. ದಪ್ಪಗೆ ಮೆತ್ತಿದರೆ ಅದೇ ಮರಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಕೀಲಿನ ಲಾಕಿನ ಲಿವರ್ ಎಷ್ಟು ಬಿಗಿ ಎಂದು ಕೈಗೇ ತಿಳಿಯುತ್ತದೆ. ಮುಚ್ಚುವಾಗ ಅರ್ಧ ದಾರಿಯಿಂದ ತಡೆ ಶುರುವಾಗಿ, ಕೊನೆಯಲ್ಲಿ ಅಂಗೈ ಒತ್ತಿ ಮುಚ್ಚುವಷ್ಟು ಗಟ್ಟಿ ಇರಬೇಕು. ಒಂದೇ ಬೆರಳಿನಲ್ಲಿ ಮುಚ್ಚಿದರೆ ಸಡಿಲ. ಲಿವರಿನ ಬೋಲ್ಟಿನಲ್ಲಿರುವ ನಟ್ಟನ್ನು ಎಂಟನೇ ಒಂದು ಸುತ್ತು ಮಾತ್ರ ತಿರುಗಿಸಿ ಮತ್ತೆ ಮುಚ್ಚಿ ನೋಡಿ. ಬಲವಂತವಾಗಿ, ಮಂಡಿ ಕೊಟ್ಟು ಮುಚ್ಚುವಷ್ಟು ಬಿಗಿ ಮಾಡಬಾರದು, ಲಾಕಿನ ಮೇಲೆ ಬೀಳುವ ಒತ್ತಡ ಅದನ್ನೇ ಬಿರುಕುಬಿಡಿಸುತ್ತದೆ.

ಹ್ಯಾಂಡಲ್ ಪೋಸ್ಟಿನ ಕೀಲಿಗೂ ಇದೇ ಕ್ರಮ. ಬ್ರೇಕ್ ಹಿಡಿದು ಜಗ್ಗಿದಾಗ ‘ಟಕ್ ಟಕ್’ ಎನ್ನುವುದು ಕೀಲಿನಿಂದಲ್ಲ, ಅದರ ಕೆಳಗಿನ ಹೆಡ್‌ಸೆಟ್‌ನಿಂದ ಎಂದು ಬೆರಳು ಹೇಳಿದರೆ, ಡಹೋನ್ ಮಾದರಿಯ ಸೈಕಲ್ಲುಗಳಲ್ಲಿ ಹೀಗೆ ಮಾಡಿ: ಪೋಸ್ಟಿನ ಬುಡದಲ್ಲಿ ಪಕ್ಕಕ್ಕಿರುವ ಬೋಲ್ಟನ್ನು ಸಡಿಲಿಸಿ, ಪೋಸ್ಟ್ ಮಡಚಿದಾಗ ಒಳಗೆ ಕಾಣುವ ದೊಡ್ಡ ಅಲನ್ ಬೋಲ್ಟನ್ನು ಸ್ವಲ್ಪವೇ ಬಿಗಿಸಿ, ಹ್ಯಾಂಡಲ್ ಚಕ್ರಕ್ಕೆ ನೇರವಾಗಿದೆಯೇ ನೋಡಿ, ಪಕ್ಕದ ಬೋಲ್ಟನ್ನು ಗಟ್ಟಿಯಾಗಿ ಬಿಗಿಸಿ. ಹ್ಯಾಂಡಲ್ ಸಲೀಸಾಗಿ ಎರಡೂ ಕಡೆ ತಿರುಗಬೇಕು, ಜಗ್ಗಿದರೆ ಅಲುಗಬಾರದು.

ಬ್ರಾಂಪ್ಟನ್‌ನ ಹಿಂದಿನ ಚೌಕಟ್ಟಿನ ಕೀಲು ಬೇರೆ ಥರದ್ದು. ಅದರ ಬುಶ್ (ಪಿನ್ನಿನ ಸುತ್ತಲಿನ ಸಣ್ಣ ಕೊಳವೆ) ಸವೆದು ಚಕ್ರ ಅಡ್ಡಡ್ಡ ಅಲುಗತೊಡಗಿದರೆ ಹೊಸ ಬುಶ್ ಕೂರಿಸಿ ರೀಮರಿನಿಂದ ಅಳತೆಗೆ ಕೊರೆಯಬೇಕು. ಆ ಕೆಲಸ ಮನೆಯಲ್ಲಿ ಬೇಡ.

ಈ ಸದ್ದಾದರೆ ಓಡಿಸಬೇಡಿ

ಕೀಲಿನ ಹತ್ತಿರ ಹೊಸದಾಗಿ ಶುರುವಾದ ಸದ್ದು, ಒರೆಸಿದರೂ ಬಿಗಿಸಿದರೂ ಹೋಗದಿದ್ದರೆ, ಬಿರುಕು ಹುಡುಕಿ. ಕೀಲಿನ ಸುತ್ತಲಿನ ವೆಲ್ಡಿಂಗ್, ಹ್ಯಾಂಡಲ್ ಪೋಸ್ಟಿನ ಬುಡ, ಸೀಟಿನ ಕೊಳವೆ ಚೌಕಟ್ಟಿಗೆ ಸೇರುವ ಜಾಗ, ಇವಿಷ್ಟನ್ನೂ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ, ಮೊಬೈಲಿನ ಟಾರ್ಚನ್ನು ಅಡ್ಡಲಾಗಿ ಹಿಡಿದು ನೋಡಿ. ಬಣ್ಣದಲ್ಲಿ ಕೂದಲೆಳೆಯಂಥ ಗೆರೆ, ಒರೆಸಿದರೂ ಅದೇ ಜಾಗಕ್ಕೆ ಮರಳುವ ಕಪ್ಪು ಗೆರೆ, ಉಕ್ಕಿನ ಚೌಕಟ್ಟಾದರೆ ತುಕ್ಕಿನ ಗೆರೆ. ಉಗುರು ಅಡ್ಡ ಎಳೆದರೆ ಸಿಕ್ಕಿಕೊಳ್ಳುತ್ತದೆ.

ಇಂಥದ್ದು ಕಂಡರೆ ಸೈಕಲ್ ಹತ್ತಬೇಡಿ, ‘ಇವತ್ತೊಂದು ದಿನ’ ಎನ್ನಬೇಡಿ. ಅಲ್ಯೂಮಿನಿಯಂ ಬಗ್ಗಿ ಮುನ್ಸೂಚನೆ ಕೊಡುವ ಲೋಹವಲ್ಲ, ಬಿರುಕು ಒಂದು ಹಂತ ದಾಟಿದ ಮೇಲೆ ಒಂದೇಟಿಗೆ ಮುರಿಯುತ್ತದೆ. ಹ್ಯಾಂಡಲ್ ಪೋಸ್ಟ್ ಮುರಿದರೆ ಮುಖ ಮೊದಲು ನೆಲಕ್ಕೆ. ಗ್ರಿಲ್ ಮಾಡುವ ಅಂಗಡಿಯಲ್ಲಿ ವೆಲ್ಡಿಂಗ್ ಹಾಕಿಸುವುದೂ ಬೇಡ. ಚೌಕಟ್ಟಿನ ಅಲ್ಯೂಮಿನಿಯಂಗೆ ಕಾರ್ಖಾನೆಯಲ್ಲಿ ಶಾಖ ಕೊಟ್ಟು ಬಲ ತಂದಿರುತ್ತಾರೆ, ಮತ್ತೆ ವೆಲ್ಡ್ ಮಾಡಿದ ಜಾಗದಲ್ಲಿ ಆ ಬಲ ಹೋಗಿಬಿಡುತ್ತದೆ. ಸೈಕಲ್ ಕೊಂಡ ಕಡೆಯೇ ತೋರಿಸಿ, ಚೌಕಟ್ಟಿಗೆ ವಾರಂಟಿ ಇದೆಯೇ ಕೇಳಿ.

ಪೆಡಲು, ಕ್ರ್ಯಾಂಕು, ಚೈನು

ಮಡಚುವ ಪೆಡಲ್ ತನ್ನದೇ ಕೀಲಿನಲ್ಲಿ ‘ಕಟ್ ಕಟ್’ ಎನ್ನುತ್ತದೆ. ಕೈಯಲ್ಲಿ ಹಿಡಿದು ಅಲುಗಾಡಿಸಿದರೆ ತಿಳಿಯುತ್ತದೆ. ಅನುಮಾನ ಇದ್ದರೆ ಯಾರದಾದರೂ ಸೈಕಲ್ಲಿನ ಸಾದಾ ಪೆಡಲ್ ಒಂದು ದಿನಕ್ಕೆ ಹಾಕಿ ನೋಡಿ. ಎಡ ಪೆಡಲಿನ ಥ್ರೆಡ್ ಉಲ್ಟಾ ಇರುವುದರಿಂದ ಎಷ್ಟೋ ಜನ ಬಿಚ್ಚಲು ಹೋಗಿ ಬಿಗಿಸುತ್ತಾರೆ. ಒಂದೇ ನಿಯಮ ನೆನಪಿಟ್ಟುಕೊಂಡರೆ ಎರಡೂ ಬದಿಗೆ ಸಾಕು: ಸ್ಪ್ಯಾನರಿನ ಹಿಡಿ ಮೇಲ್ಮುಖವಾಗಿರಲಿ, ಮುಂದಿನ ಚಕ್ರದ ಕಡೆ ತಳ್ಳಿದರೆ ಬಿಗಿ, ಹಿಂದಿನ ಚಕ್ರದ ಕಡೆ ಎಳೆದರೆ ಸಡಿಲ. ಮತ್ತೆ ಹಾಕುವ ಮೊದಲು ಥ್ರೆಡ್ಡಿಗೆ ಗ್ರೀಸ್ ಹಚ್ಚಲೇಬೇಕು. ಒಣ ಥ್ರೆಡ್ ಕಿರುಗುಟ್ಟುತ್ತದೆ, ಮುಂದೆ ತುಕ್ಕು ಹಿಡಿದು ಬಿಚ್ಚಲೂ ಬರುವುದಿಲ್ಲ.

ಕ್ರ್ಯಾಂಕನ್ನು ಚೌಕಟ್ಟಿನ ಕಡೆಗೆ, ಹೊರಕ್ಕೆ ಜಗ್ಗಿ ನೋಡಿ. ಒಂದು ಬದಿಯದು ಮಾತ್ರ ಅಲುಗಿದರೆ ಅದರ ಬೋಲ್ಟ್ ಸಡಿಲ. ಎರಡೂ ಒಟ್ಟಿಗೆ ಅಲುಗಿದರೆ ಬಾಟಮ್ ಬ್ರಾಕೆಟ್. ಚೌಕದ ಅಚ್ಚಿನ ಕ್ರ್ಯಾಂಕಿನ ಬೋಲ್ಟಿಗೆ ಸೈಕಲ್ ಬಿಡಿಭಾಗಗಳ ಕಂಪನಿ ಶಿಮಾನೊ ಹೇಳುವ ಬಿಗಿ 35ರಿಂದ 50 ನ್ಯೂಟನ್ ಮೀಟರ್. 20 ಸೆಂಟಿಮೀಟರ್ ಉದ್ದದ ಹಿಡಿಯ ತುದಿಯಲ್ಲಿ 20 ಕಿಲೋ ಭಾರ ಹಾಕಿದಷ್ಟು. ಸಡಿಲ ಕ್ರ್ಯಾಂಕಿನಲ್ಲಿ ಓಡಿಸಿದರೆ ಚೌಕದ ತೂತು ಉರುಟಾಗಿ, ಆಮೇಲೆ ಎಷ್ಟು ಬಿಗಿಸಿದರೂ ನಿಲ್ಲುವುದಿಲ್ಲ, ಹೊಸದೇ ಕೊಳ್ಳಬೇಕು. ಬಾಟಮ್ ಬ್ರಾಕೆಟ್ ಬಿಚ್ಚಲು ವಿಶೇಷ ಟೂಲ್ ಬೇಕು, ಅದಕ್ಕೆ ಅಂಗಡಿಯೇ ಸರಿ. ಆದರೆ ಮೇಲಿನ ಎಲ್ಲವನ್ನೂ ನೋಡಿ ಮುಗಿಸಿದ ಮೇಲೆ.

ಚೈನಿನ ‘ಚಿರಚಿರ’ ಒಣಗಿದ ಚೈನಿನದು. ನಮ್ಮಲ್ಲಿ ಕೈಗೆ ಸಿಕ್ಕ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ಇದೆ. ದಯವಿಟ್ಟು ಬೇಡ. 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ, ಡಿಸೆಂಬರಿನ ಬೆಳಗ್ಗೆ ಬಾಟಲಿಯಲ್ಲಿ ನೋಡಿಯೇ ಇರುತ್ತೀರಿ. ಧೂಳಿನ ಜೊತೆ ಸೇರಿ ಜಿಡ್ಡು ಗಟ್ಟಿ ಮೆತ್ತಿಕೊಳ್ಳುತ್ತದೆ. ಗ್ಯಾರೇಜಿನ ಹಳೆ ಎಂಜಿನ್ ಆಯಿಲ್‌ನಲ್ಲಿ ಸವೆದ ಲೋಹದ ಪುಡಿ ಇರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಒಳಗಿದ್ದ ಎಣ್ಣೆಯನ್ನೇ ತೊಳೆದುಹಾಕುತ್ತದೆ, ಎರಡು ದಿನ ಸದ್ದಿಲ್ಲ, ಮೂರನೇ ದಿನ ಮೊದಲಿಗಿಂತ ಜೋರು. ಸೈಕಲ್ ಚೈನಿನ ಎಣ್ಣೆಯ ಒಂದು ಸಣ್ಣ ಬಾಟಲಿ ತಿಂಗಳುಗಟ್ಟಲೆ ಬರುತ್ತದೆ. ಬಟ್ಟೆಯಲ್ಲಿ ಚೈನನ್ನು ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸುತ್ತ ಕೊಳೆ ತೆಗೆಯಿರಿ, ಪ್ರತಿ ಕೊಂಡಿಯ ರೋಲರಿಗೆ ಒಂದೊಂದೇ ಹನಿ ಬಿಡಿ, ಕಾಫಿ ಕುಡಿದು ಬಂದು ಹೊರಮೈಯ ಎಣ್ಣೆಯನ್ನೆಲ್ಲ ಒರೆಸಿ. ಕೆಲಸ ಮಾಡುವುದು ಒಳಗಿನ ಎಣ್ಣೆ, ಹೊರಗಿನದು ಧೂಳು ಹಿಡಿಯುತ್ತದೆ ಅಷ್ಟೆ.

ಬಿಗಿದ ಕೊಂಡಿಯಾದರೆ ಚೈನನ್ನು ಹಿಂದಕ್ಕೆ ನಿಧಾನವಾಗಿ ತಿರುಗಿಸಿ, ಡೀರೈಲರಿನ (ಹಿಂದಿನ ಗೇರ್ ಬದಲಿಸುವ ಸಾಧನ) ಚಿಕ್ಕ ಚಕ್ರದ ಹತ್ತಿರ ನೆಟ್ಟ ಕಣ್ಣಿನಲ್ಲಿ ನೋಡಿ, ಅದು ಹಾಯುವಾಗ ಜಿಗಿಯುತ್ತದೆ. ಎರಡೂ ಬದಿ ಹಿಡಿದು ಅಡ್ಡಡ್ಡ ಮೆಲ್ಲಗೆ ಬಗ್ಗಿಸಿದರೆ ಬಿಟ್ಟುಕೊಳ್ಳುತ್ತದೆ. ಚೈನ್ ಸವೆದಿದೆಯೇ ಎಂದು ಟೇಪಿನಲ್ಲಿ ಅಳೆಯಬಹುದು: ಒಂದು ಪಿನ್ನಿನ ನಡುವಿನಿಂದ, ಆ ಪಿನ್ನನ್ನು ಬಿಟ್ಟು ಎಣಿಸಿದರೆ, 24ನೇ ಪಿನ್ನಿನ ನಡುವಿಗೆ ಹೊಸ ಚೈನಿನಲ್ಲಿ ಸರಿಯಾಗಿ 12 ಇಂಚು, ಅಂದರೆ 304.8 ಮಿಲಿಮೀಟರ್. 306.5 ಆಗುತ್ತಿದ್ದರೆ ಚೈನ್ ಬದಲಿಸಿ. 308 ಆಗಿದ್ದರೆ ಹಿಂದಿನ ಗೇರಿನ ಹಲ್ಲುಗಳೂ ಸವೆದಿರುವ ಸಾಧ್ಯತೆ ಹೆಚ್ಚು.

ಇನ್ನೊಂದು, ಮಡಚುವ ಸೈಕಲ್ಲಿಗೇ ಹೆಚ್ಚಾಗಿ ಆಗುವುದು: ಮಡಚಿ ನಿಲ್ಲಿಸಿದ್ದು ಬಲಕ್ಕೆ ಬಿದ್ದು ಡೀರೈಲರನ್ನು ಚೌಕಟ್ಟಿಗೆ ಹಿಡಿದಿರುವ ಹ್ಯಾಂಗರ್ ಬಗ್ಗುತ್ತದೆ. ಆಮೇಲೆ ಯಾವ ಗೇರಿನಲ್ಲೂ ಚೈನು ನೆಮ್ಮದಿಯಾಗಿ ಕೂರದೆ ‘ಕಟಕಟ’ ಎನ್ನುತ್ತದೆ. ಹಿಂದಿನಿಂದ ಕೂತು ನೋಡಿ, ಡೀರೈಲರಿನ ಎರಡು ಚಿಕ್ಕ ಚಕ್ರಗಳು ಗೇರಿನ ಹಲ್ಲಿನ ನೇರಕ್ಕೆ, ಒಂದರ ಕೆಳಗೊಂದು ಇರಬೇಕು. ಓರೆಯಿದ್ದರೆ ಕೇಬಲ್ ತಿರುಪಿ ಉಪಯೋಗವಿಲ್ಲ, ಹ್ಯಾಂಗರನ್ನೇ ನೇರ ಮಾಡಿಸಬೇಕು.

ಚಕ್ರ, ಬ್ರೇಕು ಮತ್ತು ಸಣ್ಣಪುಟ್ಟ ಗಡಗಡ

ಚಕ್ರವನ್ನು ನೆಲದಿಂದ ಎತ್ತಿ ತಿರುಗಿಸಿ. ‘ಗರಗರ’ ಎಂದರೆ ಚಕ್ರದ ನಡುವಿನ ಹಬ್ಬಿನ ಬೇರಿಂಗ್ ಒಣಗಿದೆ ಅಥವಾ ಸವೆದಿದೆ. ಅಡ್ಡಡ್ಡ ಜಗ್ಗಿದಾಗ ಅಲುಗಿದರೆ ಆ ಬೇರಿಂಗನ್ನು ಒತ್ತಿ ಹಿಡಿದಿರುವ ಕೋನ್ ಸಡಿಲ. ‘ಟಿಂಗ್ ಟಿಂಗ್’ ಎಂದರೆ ಸ್ಪೋಕು. ಎರಡೆರಡನ್ನು ಒಟ್ಟಿಗೆ ಹಿಂಡಿ ನೋಡಿ, ಒಂದೇ ಬದಿಯವುಗಳಲ್ಲಿ ಯಾವುದೋ ಒಂದು ಜೊತೆ ಮೆತ್ತಗಿದ್ದರೆ ಅದೇ. ಬಿಗಿ ಎಲ್ಲ ಸಮ ಇದ್ದೂ ಸದ್ದಿದ್ದರೆ, ಎರಡು ಸ್ಪೋಕು ಒಂದನ್ನೊಂದು ದಾಟುವ ಜಾಗಕ್ಕೆ ಅರ್ಧ ಹನಿ ಎಣ್ಣೆ. ರಿಮ್ಮಿಗೆ ತಾಗದಂತೆ ಎಚ್ಚರ.

ಬ್ರೇಕ್ ಕಿರುಚಿದರೆ ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್‌ನಲ್ಲಿ ರಿಮ್ಮನ್ನು ಒರೆಸಿ. ಬ್ರೇಕ್ ರಬ್ಬರಿನ ಹೊಳೆಯುವ ಮೇಲ್ಮೈಯನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಒಳಗೆ ಚುಚ್ಚಿಕೊಂಡ ಲೋಹದ ಚೂರುಗಳನ್ನು ಸೂಜಿಯಲ್ಲಿ ಕಿತ್ತು ತೆಗೆಯಿರಿ, ಇವೇ ರಿಮ್ಮನ್ನು ಕೊರೆಯುವುದು. ಇನ್ನೂ ಕಿರುಚಿದರೆ ರಬ್ಬರಿನ ಹಿಂತುದಿಗೆ ಒಂದು ವಿಸಿಟಿಂಗ್ ಕಾರ್ಡನ್ನು ಮಡಚಿ ಕೊಟ್ಟು, ಬ್ರೇಕ್ ಒತ್ತಿ ಹಿಡಿದು ಬೋಲ್ಟ್ ಬಿಗಿಸಿ. ಮುಂತುದಿ ಮೊದಲು ತಾಗುವಂತಾಗಿ ಕಂಪನ ನಿಲ್ಲುತ್ತದೆ.

ಮಡ್‌ಗಾರ್ಡಿನ ಕಡ್ಡಿ, ಸ್ಟ್ಯಾಂಡು, ಬೆಲ್ಲು, ಕ್ಯಾರಿಯರು ಇವೆಲ್ಲ ಗುಂಡಿಯಲ್ಲಿ ಗಡಗಡ ಎನ್ನುವವು. ಒಂದೊಂದನ್ನೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಸೈಕಲನ್ನು ಒಂದಂಗುಲ ಎತ್ತಿ ನೆಲಕ್ಕೆ ಬಿಡಿ. ಯಾವುದನ್ನು ಹಿಡಿದಾಗ ಸದ್ದು ನಿಲ್ಲುತ್ತದೋ ಅದು. ತಾಗುವ ಜಾಗಕ್ಕೆ ಹಳೇ ಟ್ಯೂಬಿನ ತುಂಡು ಇಟ್ಟು ಕಟ್ಟಿ. ಕೇಬಲ್‌ಗಳನ್ನು ಮಾತ್ರ ಚೌಕಟ್ಟಿಗೆ ಬಿಗಿಯಾಗಿ ಕಟ್ಟಬೇಡಿ, ಮಡಚಿದಾಗ ಎಳೆದು ಕಿತ್ತುಹೋಗುತ್ತವೆ. ಕಟ್ಟುವ ಮೊದಲು ಒಮ್ಮೆ ಪೂರ್ತಿ ಮಡಚಿ ಎಷ್ಟು ಸಡಿಲ ಬೇಕು ಎಂದು ನೋಡಿಕೊಳ್ಳಿ.

ಇಷ್ಟಾದರೂ ಸದ್ದು ಉಳಿದರೆ ಅಂಗಡಿಗೆ ಹೋಗುವಾಗ ಆ ಚೀಟಿ ಜೊತೆಗಿರಲಿ. ‘ಏನೋ ಸದ್ದು ಬರ್ತಿದೆ’ ಎಂದರೆ ಅವರೂ ಊಹೆಯ ಮೇಲೆಯೇ ಬಿಚ್ಚಬೇಕಾಗುತ್ತದೆ. ‘ಕೂತು ತುಳಿದಾಗ ಇದೆ, ನಿಂತಾಗ ಇಲ್ಲ, ಸುತ್ತಿಗೊಂದು ಸಲ, ಸೀಟ್ ಪೋಸ್ಟ್ ಒರೆಸಿ ಆಯ್ತು’ ಎಂದು ಹೇಳಿ. ದುಡ್ಡು ಕೊಡುವ ಮೊದಲು ಅದೇ ಬೀದಿಯಲ್ಲಿ ಒಂದು ಸುತ್ತು ಓಡಿಸಿ, ಒಮ್ಮೆ ಕೂತು, ಒಮ್ಮೆ ನಿಂತು.